ಆಫ್ರಿಕಾಕ್ಕೆ ಬೇಕಿರುವುದು ಹೊಸ ಕ್ರೀಡಾಂಗಣವಲ್ಲ

2009ರ ಏಪ್ರಿಲ್ 18ರಂದು ಕೇಪ್‌ಟೌನಿನ ನ್ಯೂಲ್ಯಾಂಡ್ಸ್‌ನಲ್ಲಿ ಅನಿಲ್ ಕುಂಬ್ಳೆ 3.1 ಓವರ್ ಎಸೆದು, ಬರೀ 5 ರನ್ ಕೊಟ್ಟು 5 ವಿಕೆಟ್ ಕಿತ್ತರು. ರಾಹುಲ್ ದ್ರಾವಿಡ್ ಹೊಡೆದ 66ರ ಬಲದಲ್ಲಿ ಬೆಂಗಳೂರು ತಂಡ 133 ರನ್ ಗಳಿಸಿತ್ತು. ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನ 58ಕ್ಕೆ ಆಲೌಟ್. ಆ ಐಪಿಎಲ್ ಆಫ್ರಿಕಾಕ್ಕೆ ಹೋಗುತ್ತದೆಂದು ಒಂದು ತಿಂಗಳ ಮೊದಲು ಯಾರಿಗೂ ಗೊತ್ತಿರಲಿಲ್ಲ.

ಲೋಕಸಭಾ ಚುನಾವಣೆಯಿಂದಾಗಿ ಭದ್ರತೆ ಸಿಗದೆ ಮಾರ್ಚ್ ಕೊನೆಯಲ್ಲಿ ಟೂರ್ನಿ ದಕ್ಷಿಣ ಆಫ್ರಿಕಾದ ಪಾಲಾಯಿತು. ಎಂಟು ಊರುಗಳಲ್ಲಿ ಐದು ವಾರಗಳ ಆಟ. ಸೆಂಚುರಿಯನ್‌ನಲ್ಲಿ ಮನೀಶ್ ಪಾಂಡೆ ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನಾದರು. ಮೇ 24ರಂದು ಜೋಹಾನ್ಸ್‌ಬರ್ಗ್‌ನ ವಾಂಡರರ್ಸ್‌ನಲ್ಲಿ ಫೈನಲ್: ಕುಂಬ್ಳೆ ಮೊದಲ ಓವರ್‌ನಲ್ಲೇ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು, 16 ರನ್ನಿಗೆ 4 ವಿಕೆಟ್ ಪಡೆದರು. ಆದರೂ ಬೆಂಗಳೂರು 6 ರನ್ನಿನಿಂದ ಸೋತಿತು. ಕರ್ನಾಟಕದ ಅಭಿಮಾನಿಗಳಿಗೆ ಆ ಆರು ರನ್ನಿನ ಸಂಕಟ ಇನ್ನೂ ಆರಿಲ್ಲ.

ಸಿದ್ಧ ಮೈದಾನವಿದ್ದರೆ ಆಫ್ರಿಕಾ ಎಂಥ ಕೂಟವನ್ನೂ ನಡೆಸಬಲ್ಲದು. 2027ರ ಏಕದಿನ ವಿಶ್ವಕಪ್ ಬಗ್ಗೆ ಭರವಸೆ ಮೂಡುವುದು ಇದೇ ಕಾರಣಕ್ಕೆ. ಒಟ್ಟು 54 ಪಂದ್ಯ; 44 ದಕ್ಷಿಣ ಆಫ್ರಿಕಾದಲ್ಲಿ, ಉಳಿದ 10 ಜಿಂಬಾಬ್ವೆ ಮತ್ತು ನಮೀಬಿಯಾದಲ್ಲಿ.

ಹಣ ಹೊಂದಿಸಬೇಕಾದಲ್ಲಿ ಮಾತ್ರ ಕಥೆ ಬೇರೆ. ಕಾಮನ್‌ವೆಲ್ತ್ ಕ್ರೀಡಾಕೂಟ 1930ರಲ್ಲಿ ಶುರುವಾದರೂ ಇಂದಿಗೂ ಆಫ್ರಿಕಾದ ನೆಲ ಮುಟ್ಟಿಲ್ಲ. 2022ರ ಕೂಟ ಡರ್ಬನ್‌ಗೆ ಸಿಕ್ಕಿತ್ತು. ಹಣದ ಖಾತರಿ ಸಿಗದೆ 2017ರಲ್ಲಿ ಕೈತಪ್ಪಿ ಬರ್ಮಿಂಗ್‌ಹ್ಯಾಮ್‌ಗೆ ಹೋಯಿತು. 2030ರ ಶತಮಾನೋತ್ಸವದ ಕೂಟಕ್ಕೆ ನೈಜೀರಿಯಾದ ಅಬುಜಾ ಕೈಚಾಚಿತು, ಅವಕಾಶ ನಮ್ಮ ಅಹಮದಾಬಾದ್‌ಗೆ ಒಲಿಯಿತು. ಭಾರತೀಯರಾಗಿ ಹಿಗ್ಗೋಣ, ಆದರೆ ಆಫ್ರಿಕಾದ ಸರದಿ ಮತ್ತೆ ಮುಂದಕ್ಕೆ ಹೋಯಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನೊಂದು ತೊಡಕು ಅತಿಥಿಗಳದ್ದು. 2003ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಹರಾರೆಗೆ ಹೋಗಲಿಲ್ಲ, ನ್ಯೂಜಿಲೆಂಡ್ ನೈರೋಬಿಗೆ ಕಾಲಿಡಲಿಲ್ಲ; ಇಬ್ಬರೂ ಪಾಯಿಂಟ್ ಕಳೆದುಕೊಂಡರು. ಕೀನ್ಯಾ ಸೆಮಿಫೈನಲ್‌ವರೆಗೆ ಬಂದು ಭಾರತದ ಎದುರು ನಿಂತಿತು. 

2027ರ ವಿಶ್ವಕಪ್ ನಮಗೂ ದೂರದ್ದಲ್ಲ; ನಮ್ಮ ಬೀದರಿಗೆ ಆಫ್ರಿಕಾ ಹೊಸದಲ್ಲ. ಬಹಮನಿ ಕಾಲದಲ್ಲಿ ಆಫ್ರಿಕಾದಿಂದ ಬಂದ ಹಬ್ಶಿಗಳ ಹೆಸರು ಇಲ್ಲಿನ ಹಬ್ಸಿಕೋಟೆಯಲ್ಲಿ ಇನ್ನೂ ಉಳಿದಿದೆ. ಗಡಿಯಾರವೂ ದೂರವಿಲ್ಲ, ಮೂರೂವರೆ ಗಂಟೆಯ ಅಂತರ ಅಷ್ಟೆ. ಜೋಹಾನ್ಸ್‌ಬರ್ಗ್‌ನಲ್ಲಿ ಬೆಳಿಗ್ಗೆ ಹತ್ತಾದರೆ ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಮಧ್ಯಾಹ್ನ ಒಂದೂವರೆ. ವಿಶ್ವಕಪ್ ನಡೆಯುವ ಅಕ್ಟೋಬರ್-ನವೆಂಬರ್ ಅಂದರೆ ಇಲ್ಲಿ ಸೋಯಾಬೀನ್ ರಾಶಿಯ ದಿನಗಳು. ಹೊಲದಿಂದ ಬಂದವರಿಗೂ ಸಂಜೆಯ ಇನಿಂಗ್ಸ್ ಸಿಗುತ್ತದೆ.

ಅಷ್ಟರಲ್ಲಿ ಐಸಿಸಿ ಒಂದು ಅನ್ಯಾಯ ಸರಿಪಡಿಸಬೇಕು. ವಿಂಡ್‌ಹುಕ್‌ನ ಹೊಸ ಮೈದಾನದ ಮೊದಲ ಪಂದ್ಯದಲ್ಲೇ, 2025ರ ಅಕ್ಟೋಬರ್‌ನಲ್ಲಿ, ನಮೀಬಿಯಾ ಕೊನೆಯ ಎಸೆತದಲ್ಲಿ ದಕ್ಷಿಣ ಆಫ್ರಿಕಾವನ್ನು ಮಣಿಸಿತು. ಆದರೆ ಪೂರ್ಣ ಸದಸ್ಯ ರಾಷ್ಟ್ರವಲ್ಲದ ಕಾರಣ ಆತಿಥೇಯ ನಮೀಬಿಯಾ ಮಾತ್ರ ಅರ್ಹತಾ ಸುತ್ತು ದಾಟಿಯೇ ವಿಶ್ವಕಪ್‌ಗೆ ಬರಬೇಕು. ದಕ್ಷಿಣ ಆಫ್ರಿಕಾ, ಜಿಂಬಾಬ್ವೆಗೆ ಕೊಟ್ಟ ನೇರ ಪ್ರವೇಶ ಅದಕ್ಕೂ ಸಿಗಲಿ.