ಮೆಟ್ಟಿಲಿರುವ ನೀರು

ತುಂಗಭದ್ರೆಯ ಕಾಲುವೆಗಳಲ್ಲಿ ಈಜುವ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಕಳೆದ ಭಾನುವಾರ ಲಿಂಗಸುಗೂರಿನಿಂದ ಹಟ್ಟಿಗೂ ಅಲ್ಲಿಂದ ಮಸ್ಕಿಗೂ ಕಾರಿನಲ್ಲಿ ಸುತ್ತಿದೆವು. ದಾರಿಯಲ್ಲೊಂದು ತೋಟದ ಬಾವಿ ಸಿಕ್ಕಿತು. ಅದರಿಂದ ಎದ್ದು ಬಂದಮೇಲೆ ಬೇರೇನನ್ನೂ ಬರೆಯಲು ಮನಸ್ಸಾಗುತ್ತಿಲ್ಲ.

ಮೊದಲು ಹಟ್ಟಿ. ಇಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಆದರೆ ಈಗಿನ ಕಂಪನಿ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ, ಸುಮಾರು 2000 ವರ್ಷಗಳ ಹಿಂದೆ, ಜನ ಇದೇ ಬಂಡೆಯೊಳಗೆ 200 ಮೀಟರ್ ಹತ್ತಿರದ ಆಳಕ್ಕೆ ಇಳಿದಿದ್ದರು. ಸಿಡಿಮದ್ದು ಇರಲಿಲ್ಲ. ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಬಂಡೆ ಕೆಂಪಗೆ ಕಾದಾಗ ನೀರು ಸುರಿದು ಸೀಳುತ್ತಿದ್ದರು. ಸೀಳಿದ ಬೆಣಚುಕಲ್ಲನ್ನು ಮೇಲೆ ತಂದು ಕುಟ್ಟಿ ಪುಡಿ ಮಾಡಿದ ಗುಳಿಗಳು ಸುತ್ತಲಿನ ಬಂಡೆಗಳ ಮೇಲಿವೆ, ಒರಳಿನಂತೆ ನುಣ್ಣಗೆ ಸವೆದು. ನಾವು ಹೋದಾಗ ಅವುಗಳಲ್ಲಿ ಬೊಗಸೆ ಬೊಗಸೆ ಮಳೆನೀರು ನಿಂತಿತ್ತು.

ಹಳೆಯ ಗಣಿಗುಂಡಿಯ ನೀರು ಕಂಡರೆ ಹಾರಬೇಕೆನ್ನುವ ಹೊಸ ಪಂಗಡವೊಂದಿದೆ. ಕಲ್ಲು ಕ್ವಾರಿಯ ಅಂಚಿನಿಂದ ಡೈ ಹೊಡೆದು, ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿದೆ, ಆ ಸಿಟ್ಟು ಹಳೆಯದು. ನೀರಿಗಾಗಿ ತೋಡಿದ ಬಾವಿಯೇ ಬೇರೆ, ಕಲ್ಲಿಗಾಗಿ ತೋಡಿದ ಗುಂಡಿಯೇ ಬೇರೆ. ಬಾವಿ ಕಟ್ಟಿದವನು ಮನುಷ್ಯ ಇಳಿಯುತ್ತಾನೆ, ಹತ್ತುತ್ತಾನೆ ಎಂದು ಎಣಿಸಿ ಮೆಟ್ಟಿಲು ಕೂರಿಸಿರುತ್ತಾನೆ. ಕಲ್ಲು ತೆಗೆದವನಿಗೆ ಆ ಯೋಚನೆಯೇ ಇರಲಿಲ್ಲ. ಗೋಡೆ ನೆಟ್ಟಗೆ, ಹಿಡಿಯಲು ಕೈಗೆ ಏನೂ ಸಿಗದು. ಮೇಲಿನ ಎರಡು ಮೊಳ ನೀರು ಬಿಸಿಲಿಗೆ ಬೆಚ್ಚಗಿದ್ದರೆ ಅದರ ಕೆಳಗೆ ಉಸಿರು ಕಟ್ಟುವಷ್ಟು ತಣ್ಣಗೆ. ಚಿನ್ನದ ಗಣಿಯಾದರೆ ಇನ್ನೊಂದು ಅಪಾಯ. ಈ ಸೀಮೆಯ ಚಿನ್ನ ಆರ್ಸೆನಿಕ್ ಇರುವ ಅದಿರಿನ ಜೊತೆಗೇ ಸಿಗುತ್ತದೆ. ಸುರಪುರದ ಕಡೆ, ಹಳೆಯ ಚಿನ್ನದ ಗಣಿಯೊಂದರ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಅದು ಕಂಡುಬಂದು ಜನ ನರಳಿದರು. ಅಂಥ ನೀರಿಗೆ ಮೈಯೊಡ್ಡುವುದನ್ನು ನಾನು ಸಾಹಸ ಎನ್ನಲಾರೆ.

ಇನ್ನು ಬಾವಿ. ಚೌಕಾಕಾರ, ಕಲ್ಲುಕಟ್ಟಡ, ಒಂದು ಬದಿಗೆ ಪೂರ್ತಿ ಮೆಟ್ಟಿಲು. ತೋಟದ ಯಜಮಾನರು ನನ್ನ ನರೆತ ತಲೆ ನೋಡಿ, “ಈಸಾಕ ಬರ್ತದೇನ್ರಿ? ಬರದಿದ್ರ ಮೆಟ್ಲ ಬಿಟ್ಟು ಮುಂದ ಹೋಗಬ್ಯಾಡ್ರಿ” ಎಂದರು. ತಾವು ಇದೇ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತದ್ದನ್ನೂ ಹೇಳಿದರು. ಬಾವಿಯಲ್ಲಿ ಕಲಿತವರು ತಲೆ ಎತ್ತಿ ಈಜುತ್ತಾರೆ ಎಂದು ಈಜುಕೊಳದ ಕೋಚುಗಳು ಮೂಗು ಮುರಿಯುವುದುಂಟು. ಮೇಲಿನಿಂದ ಇನ್ನೊಬ್ಬ ಯಾವಾಗ ದುಮುಕುತ್ತಾನೋ ನೋಡಿಕೊಳ್ಳಬೇಕಾದವನು ತಲೆ ಎತ್ತದೆ ಏನು ಮಾಡಬೇಕು?

ತಳ ಮುಟ್ಟಲು ಮುಳುಗು ಹಾಕಿದೆ. ಮೇಲೆ ಗೆಳೆಯರು ಕೂಗುತ್ತಿದ್ದರಂತೆ. ನನಗೆ ಕೇಳಿಸಿದ್ದು ನನ್ನ ಎದೆಬಡಿತವೊಂದೇ. ಗಾಳಿಯಲ್ಲಿ ಎದ್ದ ಸದ್ದು ನೀರಿನ ಮೈಗೆ ತಾಗಿ ಬಹುಪಾಲು ಹಿಂದಕ್ಕೇ ಹೋಗುತ್ತದೆ. ಆಗ ನೆನಪಾದವನು ರನ್ನ. ಗದಾಯುದ್ಧದಲ್ಲಿ ಭೀಷ್ಮರ ಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮ ನೀರಿಗೆ ಇಳಿಯುವುದಿಲ್ಲ. ದಡದಲ್ಲೇ ನಿಂತು ಮೂದಲಿಸುತ್ತಾನೆ. ಆ ದನಿ ತಳಕ್ಕೆ ಮುಟ್ಟಿ, ಅಷ್ಟು ನೀರಿನ ನಡುವೆಯೂ ಕೌರವನಿಗೆ ಬೆವರು ಬರುತ್ತದೆ. ಕಾಲೇಜಿನಲ್ಲಿ ಆ ಭಾಗವನ್ನು ರೋಷದ ವರ್ಣನೆಯೆಂದು ಓದಿದ್ದೆ. ಬಾವಿಯ ತಳದಲ್ಲಿ ಕುಳಿತಾಗ ಭೀಮನ ಗಂಟಲಿನ ಅಳತೆ ತಿಳಿಯಿತು. ರನ್ನನಿಗೆ ಮುಳುಗು ಹಾಕಿ ಗೊತ್ತಿತ್ತೆಂದೇ ನನ್ನ ನಂಬಿಕೆ.

ಸಂಜೆ ಮಸ್ಕಿಯ ಗುಡ್ಡ ಹತ್ತಿದೆವು. ಇಲ್ಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಹುಡುಕುತ್ತ ಬಂದವರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಈ ಬಂಡೆಯಲ್ಲಿ. ಒದ್ದೆ ಟವೆಲು ಹೆಗಲ ಮೇಲೆ ಹಾಕಿಕೊಂಡೇ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಕೊಳವೆಬಾವಿ ಬಂದಮೇಲೆ ತೆರೆದ ಬಾವಿಗಳನ್ನು ಕಸ ತುಂಬಿ ಮುಚ್ಚುವುದು ಎಲ್ಲ ಕಡೆ ನಡೆದಿದೆ. ನಿಮ್ಮ ಹೊಲದಲ್ಲಿ ಮೆಟ್ಟಿಲಿರುವ ಬಾವಿ ಉಳಿದಿದ್ದರೆ ಈ ಬೇಸಿಗೆಗೆ ಮೊದಲು ಹೂಳು ತೆಗೆಸಿ. ಸಡಿಲಾದ ಕಲ್ಲು ಕೂರಿಸಿ. ಊರಿನ ಮಕ್ಕಳಿಗೆ ಈಜು ಕಲಿಸಲು ದೊಡ್ಡವರೊಬ್ಬರನ್ನು ಜೊತೆಗೆ ಇಳಿಸಿ.