ಹದೀಸ್ ನಿರೂಪಕರ ಪ್ರಾಮಾಣ್ಯ: ಜರ್ಹ್ ಮತ್ತು ತಅದೀಲ್ ಶಾಸ್ತ್ರದ ವಿಮರ್ಶಾ ನೆಲೆಗಳು

ಪ್ರವಾದಿ ಮುಹಮ್ಮದರ ನಡೆ-ನುಡಿಗಳ ವರದಿಯಾದ ಹದೀಸಿಗೆ ಎರಡು ಅಂಗಗಳಿವೆ. ಒಂದು ಪಠ್ಯ (ಮತ್ನ್); ಇನ್ನೊಂದು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರ ಹೆಸರುಗಳ ಸರಣಿ (ಇಸ್ನಾದ್). ಸರಣಿಯ ಒಂದು ಕೊಂಡಿ ಸಡಿಲವಾದರೂ ಅದನ್ನಾಧರಿಸಿದ ವರದಿಯ ಪ್ರಾಮಾಣ್ಯ ಕುಂದುತ್ತದೆ. ಆದ್ದರಿಂದ ನಿರೂಪಕನ ದೋಷವನ್ನು ತೋರುವ 'ಜರ್ಹ್' ಹಾಗೂ ಅವನ ಅರ್ಹತೆಯನ್ನು ಎತ್ತಿಹಿಡಿಯುವ 'ತಅದೀಲ್' ಎಂಬ ಜೋಡಿ ವಿಚಾರಣೆಯು ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು.

ಈ ಶಾಸ್ತ್ರವು ಶೀಲ (ಅದಾಲತ್) ಮತ್ತು ನಿಖರತೆ (ದಬ್ತ್) ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿತು. ಧರ್ಮನಿಷ್ಠರೇ ಹದೀಸಿನಲ್ಲಿ ಹೆಚ್ಚು ತಪ್ಪುತ್ತಾರೆಂಬ ಯಹ್ಯಾ ಅಲ್-ಕತ್ತಾನರ (ಮರಣ ಕ್ರಿ.ಶ. 813) ಅಭಿಪ್ರಾಯವನ್ನು ಇಮಾಮ್ ಮುಸ್ಲಿಮರು (ಮ. 875) ತಮ್ಮ 'ಸಹೀಹ್' ಸಂಕಲನದ ಪೀಠಿಕೆಯಲ್ಲಿ ದಾಖಲಿಸಿದ್ದಾರೆ. ನಿಖರತೆಯ ಒರೆಗಲ್ಲು ತುಲನೆ. ಒಬ್ಬ ಗುರುವಿನ ಹಲವು ಶಿಷ್ಯರ ಪಾಠಗಳನ್ನು ಹೋಲಿಸಿದಾಗ ವಿಶ್ವಸನೀಯರ ಪಾಠದಿಂದ ಪದೇಪದೇ ದೂರ ಸರಿಯುವವನು ದುರ್ಬಲನೆಂದು ಗಣಿತನಾಗುತ್ತಾನೆ.

ಈಜಿಪ್ಟಿನ ನ್ಯಾಯಾಧೀಶ ಇಬ್ನ್ ಲಹೀಆರ (ಮ. 790) ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ಅವರ ಗ್ರಂಥಗಳು ಸುಟ್ಟುಹೋದ ಬಳಿಕ ಅವರ ನಿರೂಪಣೆ ಗೊಂದಲಕ್ಕೀಡಾಯಿತೆಂದು ಅನೇಕ ವಿಮರ್ಶಕರು ತಿಳಿದರು. ಆದರೂ ಅವರನ್ನು ಒಟ್ಟಾಗಿ ತಿರಸ್ಕರಿಸಲಿಲ್ಲ; ಇಬ್ನುಲ್ ಮುಬಾರಕ್ ಮತ್ತು ಇಬ್ನ್ ವಹ್ಬ್ ಅವರಿಂದ ಪಡೆದ ವರದಿಗಳನ್ನು ಉಳಿದವಕ್ಕಿಂತ ಮೇಲೆಂದು ಇಬ್ನ್ ಹಜರ್ (ಮ. 1449) ಪರಿಗಣಿಸಿದರು. ವ್ಯಕ್ತಿ ಒಬ್ಬನೇ ಆದರೂ ಕಾಲ ಮತ್ತು ಶಿಷ್ಯನನ್ನು ಅವಲಂಬಿಸಿ ತೀರ್ಪು ಬದಲಾಗಬಹುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಪರೋಕ್ಷನಿಂದೆಯನ್ನು ಇಸ್ಲಾಂ ಪಾಪವೆಂದು ನಿಷೇಧಿಸುತ್ತದೆ. ನಿರೂಪಕನ ದೋಷಕಥನವನ್ನು ವಿದ್ವಾಂಸರು ಧರ್ಮರಕ್ಷಣೆಯ ಅಗತ್ಯವೆಂದು ಸಮರ್ಥಿಸಿಕೊಂಡರು. ಅಲೀ ಇಬ್ನುಲ್ ಮದೀನಿ (ಮ. 849) ತಮ್ಮ ತಂದೆಯನ್ನೇ ದುರ್ಬಲ ನಿರೂಪಕನೆಂದು ಸಾರಿದುದು ಈ ನಿಲುವಿನ ಕಠಿಣ ಪರೀಕ್ಷೆಯಾಗಿತ್ತು.

ಹಾಗೆಂದು ವಿಮರ್ಶಕರು ಸ್ವತಃ ಪಕ್ಷಾತೀತರಾಗಿದ್ದರೆಂದು ಹೇಳಲಾಗದು. ಕುರ್‌ಆನ್ ಪಠಣದಲ್ಲಿ ಮನುಷ್ಯನ ಉಚ್ಚಾರಣೆ ಸೃಷ್ಟವೇ ಎಂಬ ವಿವಾದದಲ್ಲಿ ನಿಶಾಪುರದ ಅದ್-ದುಹ್ಲಿಯವರು ಬುಖಾರಿಯವರನ್ನು (ಮ. 870) ವಿರೋಧಿಸಿದರು. ಅವರ ಪತ್ರ ತಲುಪಿದ ಮೇಲೆ ರಯ್ ನಗರದ ಅಬೂ ಹಾತಿಮ್ ಮತ್ತು ಅಬೂ ಝುರ್ಆ ಬುಖಾರಿಯವರ ಹದೀಸನ್ನು ಕೈಬಿಟ್ಟರು. ಅಬೂ ಹಾತಿಮರ ಪುತ್ರ ಇಬ್ನ್ ಅಬೀ ಹಾತಿಮ್ (ಮ. 938) ತಮ್ಮ 'ಅಲ್-ಜರ್ಹ್ ವ ತ್ತಅದೀಲ್' ಗ್ರಂಥದಲ್ಲಿ ಇದನ್ನು ಕಾರಣಸಹಿತ ದಾಖಲಿಸಿದ್ದಾರೆ. ಮುಂದೆ ತಾಜುದ್ದೀನ್ ಸುಬ್ಕಿ (ಮ. 1370) ಇಂತಹ ಮತಭೇದಮೂಲದ ದೋಷಾರೋಪಣೆಯನ್ನು ಒಪ್ಪಲಾಗದೆಂದು ಪ್ರತಿಪಾದಿಸಿದರು.

ಈ ಶಾಸ್ತ್ರದ ಮಹತ್ವವನ್ನು ಅದರ ತೀರ್ಪುಗಳ ಅಂತಿಮತೆಯಲ್ಲಿ ಹುಡುಕುವುದು ಸರಿಯಾಗದು. ಕಾರಣವೂ ತೀರ್ಪಿನ ಜೊತೆಗೆ ಉಳಿದುಬಂದುದರಿಂದಲೇ ನಂತರದವರಿಗೆ ಅದನ್ನು ಮರುಪರಿಶೀಲಿಸುವುದು ಸಾಧ್ಯವಾಯಿತು. ಬುಖಾರಿಯವರ ಮೇಲಿನ ಆಕ್ಷೇಪ ಅಳಿಸಿಹೋಗದೆ ಗ್ರಂಥಸ್ಥವಾಗಿಯೇ ಉಳಿದಿರುವುದು ಇದಕ್ಕೆ ಸಾಕ್ಷಿಯಾಗಿದೆ.