ಕ್ವಾಯ್ ಸೇತುವೆಯ ಹಾಜರಿ ಪುಸ್ತಕ

ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆಂದು ನಡೆದ ತರಬೇತಿಯೊಂದರಲ್ಲಿ ‘ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಚಿತ್ರದ ಒಂದು ತುಣುಕು ತೋರಿಸಿದ್ದರು. ಜಪಾನೀಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕಲ್ಸನ್, ಶಿಬಿರದ ಅಧಿಕಾರಿ ಸೈಟೋನ ಎದುರೇ ಕೂತು ಮೀಟಿಂಗ್ ನಡೆಸುತ್ತಾನೆ. ಸೇತುವೆಗೆ ಆರಿಸಿದ ಜಾಗದಲ್ಲಿ ಬರೀ ಕೆಸರಿದೆ, ಬೇರೆ ಜಾಗ ಬೇಕು. ಒಬ್ಬೊಬ್ಬ ದಿನಕ್ಕೆ ಅಗೆಯುವ ಮಣ್ಣಿನ ಲೆಕ್ಕವನ್ನೂ ಏರಿಸಬೇಕು. ಸೈಟೋ ಪೆಚ್ಚಾಗಿ ಒಪ್ಪಿಕೊಳ್ಳುತ್ತಾನೆ. ಇದು ನಾಯಕತ್ವದ ಪಾಠ ಎಂದರು. ನಾನೂ ನೋಟ್ಸ್ ಬರೆದುಕೊಂಡೆ.

ಆಮೇಲೆ ರಿಚರ್ಡ್ ಫ್ಲಾನಗನ್ ಅವರ ‘ದಿ ನ್ಯಾರೋ ರೋಡ್ ಟು ದ ಡೀಪ್ ನಾರ್ತ್’ ಕಾದಂಬರಿ ಓದಿದೆ. ಆ ನೋಟ್ಸ್ ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡೂ ಕೃತಿಗಳ ವಸ್ತು ಒಂದೇ ರೈಲು ಮಾರ್ಗ. ಬರ್ಮಾದಲ್ಲಿದ್ದ ಜಪಾನೀ ಸೇನೆಗೆ ಸಮುದ್ರದ ಮೂಲಕ ಸಾಮಾನು ಕಳಿಸುವುದು ಅಪಾಯವಾದಾಗ, ಥಾಯ್ಲೆಂಡ್‌ನಿಂದ ಬರ್ಮಾಕ್ಕೆ 415 ಕಿಲೋಮೀಟರ್ ಹಳಿ ಹಾಕುವ ಯೋಜನೆ 1942ರಲ್ಲಿ ಶುರುವಾಯಿತು. 1943ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯ ಹಳಿಗಳು ಕೂಡಿದವು. ದಟ್ಟ ಕಾಡು, ಬಂಡೆ, ಮಳೆಗಾಲ. ಕೈಯಲ್ಲಿ ಸುತ್ತಿಗೆ, ಗುದ್ದಲಿ, ಬುಟ್ಟಿ. ದುಡಿದವರಲ್ಲಿ 60,000ಕ್ಕೂ ಹೆಚ್ಚು ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಮುಂತಾದ ಯುದ್ಧಕೈದಿಗಳಿದ್ದರು. ಅವರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಹಸಿವು, ಹೊಡೆತ, ಕಾಲರಾ, ರಕ್ತಭೇದಿ, ಮಲೇರಿಯಾ. ಬಿದಿರು ಗೀರಿದ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗುತ್ತಿತ್ತು. ಗಡುವು ಬಿಗಿಯಾದ ತಿಂಗಳುಗಳನ್ನು ಕೈದಿಗಳು ‘ಸ್ಪೀಡೋ’ ಕಾಲ ಎಂದರು. ಕಾವಲುಗಾರರು ಸದಾ ಕೂಗುತ್ತಿದ್ದ ಶಬ್ದ ಅದು.

ಡೇವಿಡ್ ಲೀನ್ ಅವರ ಚಿತ್ರ ಬಂದದ್ದು 1957ರಲ್ಲಿ. ನಿಕಲ್ಸನ್‌ನ ಹುಚ್ಚನ್ನು ಅದು ಗೇಲಿ ಮಾಡುತ್ತದೆ, ನಿಜ. ಶತ್ರುವಿಗಾಗಿ ಸೇತುವೆ ಕಟ್ಟಿ ಅದರ ಮೇಲೇ ಮೋಹಗೊಂಡವನ ದುರಂತ ಅದು. ಆದರೆ ಕ್ಯಾಮೆರಾವೂ ಅದೇ ಮೋಹಕ್ಕೆ ಬಿದ್ದಿದೆ. ಸೀಟಿ ಹೊಡೆಯುತ್ತಾ ಬರುವ ಸೈನಿಕರು ಬಡಕಲಾಗಿಲ್ಲ. ಜಪಾನೀಯರಿಗೆ ಸೇತುವೆ ಕಟ್ಟಲು ಬರುವುದಿಲ್ಲ ಎಂಬಂತಿದೆ ಕಥೆ. ವಾಸ್ತವದಲ್ಲಿ ಆ ಮಾರ್ಗದ ಯೋಜನೆ, ವಿನ್ಯಾಸ ಎಲ್ಲ ಜಪಾನೀ ಎಂಜಿನಿಯರ್‌ಗಳದೇ. ತಮರ್ಕನ್ ಶಿಬಿರದಲ್ಲಿ ಕೈದಿಗಳ ಹಿರಿಯ ಅಧಿಕಾರಿಯಾಗಿದ್ದ ಫಿಲಿಪ್ ಟೂಸಿ ಅವರಿಗೆ ಸೇತುವೆಯ ಹೆಮ್ಮೆ ಬೇಕಿರಲಿಲ್ಲ. ಎಷ್ಟು ಜನರನ್ನು ಉಳಿಸಬಹುದು ಎಂಬುದೇ ಅವರ ಚಿಂತೆಯಾಗಿತ್ತು.

ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆಸ್ಪತ್ರೆಯ ದೃಶ್ಯ. ಗಡುವು ಹತ್ತಿರವಾದಾಗ ನಿಕಲ್ಸನ್ ರೋಗಿಗಳಲ್ಲಿಗೆ ಬಂದು, ಹಗುರ ಕೆಲಸಕ್ಕೆ ಯಾರಾದರೂ ಆಗುತ್ತಾರೆಯೇ ಎಂದು ವೈದ್ಯನನ್ನು ಕೇಳುತ್ತಾನೆ. ಕುಂಟುತ್ತಾ ಒಂದಷ್ಟು ಜನ ಅವನ ಹಿಂದೆ ಹೊರಡುತ್ತಾರೆ. ಅಲ್ಲಿ ವ್ಯಂಗ್ಯವಿದೆ, ಆದರೆ ಭಯವಿಲ್ಲ.

ಅದೇ ಪ್ರಶ್ನೆಯನ್ನು ಫ್ಲಾನಗನ್ ಕಾದಂಬರಿಯ ನಡುಮನೆಗೆ ತರುತ್ತಾರೆ. ಡೊರಿಗೋ ಇವಾನ್ಸ್ ಆಸ್ಟ್ರೇಲಿಯನ್ ಕೈದಿಗಳ ವೈದ್ಯ, ಅವರ ಮುಖ್ಯಸ್ಥನೂ ಹೌದು. ಇವತ್ತು ಇಷ್ಟು ಜನ ಬೇಕು ಎಂದು ಮೇಜರ್ ನಕಮುರಾ ಕೇಳುತ್ತಾನೆ. ಅಷ್ಟು ಜನ ಎದ್ದು ನಿಲ್ಲುವ ಸ್ಥಿತಿಯಲ್ಲಿಲ್ಲ ಎಂದು ಡೊರಿಗೋ ಚೌಕಾಸಿ ಮಾಡುತ್ತಾನೆ. ಸಂತೆಯ ಚೌಕಾಸಿಯಂತೆಯೇ ಸಂಖ್ಯೆ ಇಳಿಯುತ್ತದೆ. ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಆ ಸಂಖ್ಯೆಯನ್ನು ತುಂಬಬೇಕಾದವನು ಡೊರಿಗೋನೇ: ಹೆಚ್ಚು ಕಾಯಿಲೆಯವನನ್ನು ಬಿಟ್ಟು ಕಡಿಮೆ ಕಾಯಿಲೆಯವನನ್ನು ಕಳಿಸಬೇಕು. ಉಳಿಸುವ ಕೈಯೇ ಸಾಯಲು ಕಳಿಸುವ ಕೈಯೂ ಆಗುತ್ತದೆ. ನಮ್ಮ ಕೆಲಸದಲ್ಲಿ ಹೆಡ್‌ಕೌಂಟ್ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ. ಎಸಿ ಕೋಣೆಯ ನನ್ನ ಕೆಲಸವನ್ನು ಆ ನರಕಕ್ಕೆ ಹೋಲಿಸುವಷ್ಟು ಮೂರ್ಖ ನಾನಲ್ಲ. ಆದರೆ ಆ ಮಾತಿನಲ್ಲಿ ತಲೆ ಇದೆ, ಮುಖ ಇಲ್ಲ ಎಂದು ಈ ಪುಟಗಳನ್ನು ಓದುವಾಗ ಹೊಳೆಯಿತು.

ನಕಮುರಾನನ್ನೂ ಫ್ಲಾನಗನ್ ರಾಕ್ಷಸನಾಗಿ ಬರೆದಿಲ್ಲ. ಅವನು ಹೈಕು ಪ್ರೇಮಿ. ಕಾದಂಬರಿಯ ಹೆಸರೂ ಬಾಶೋನ ಪ್ರವಾಸ ಕಥನದಿಂದ ಬಂದದ್ದು. ಅವನ ಮೇಲೂ ಮೇಲಿನವರ ಗಡುವು ಕೂತಿದೆ. ಕೆಳಗೆ ಇಳಿಯುತ್ತಾ ಆ ಒತ್ತಡ ಆದೇಶವಾಗಿ, ಕೊನೆಗೆ ಕೊರಿಯನ್ ಕಾವಲುಗಾರನ ಕೈಯ ಬಡಿಗೆಯಾಗುತ್ತದೆ. ಕ್ರೌರ್ಯ ನಡೆಯುವ ಕ್ರಮವನ್ನು ಇಷ್ಟು ತಣ್ಣಗೆ ತೋರಿಸಿದ ಕಾದಂಬರಿಗಳು ಕಡಿಮೆ. ಲೇಖಕರ ತಂದೆ ಇದೇ ಮಾರ್ಗದಲ್ಲಿ ದುಡಿದ ಕೈದಿ, ಸಂಖ್ಯೆ 335. ಅರ್ಪಣೆಯ ಪುಟದಲ್ಲಿ ಆ ಸಂಖ್ಯೆ ಜಪಾನೀ ಉಚ್ಚಾರದಲ್ಲೇ ಇದೆ. 2014ರ ಬೂಕರ್ ಈ ಕೃತಿಗೆ ಸಂದಿತು. ದೋಷಗಳಿಲ್ಲವೆಂದಲ್ಲ: ಡೊರಿಗೋನ ಪ್ರೇಮ ಪ್ರಕರಣ ಅತಿಯಾಗಿ ಬೆಳೆದಿದೆ, ಶಿಬಿರದ ಬಿಗಿ ಅಲ್ಲಿ ಸಡಿಲವಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಈ ಮಾರ್ಗದಲ್ಲಿ ದುಡಿದವರಲ್ಲಿ ಬಿಳಿಯ ಕೈದಿಗಳು ಅಲ್ಪಸಂಖ್ಯಾತರು. ಬರ್ಮಾ, ಮಲಯಾ, ಜಾವಾಗಳಿಂದ ತಂದ ಏಷ್ಯಾದ ಕೂಲಿಗಳು 1,80,000ಕ್ಕೂ ಹೆಚ್ಚು. ಅವರಲ್ಲಿ ಸತ್ತವರು 90,000ದಷ್ಟು ಎಂಬ ಅಂದಾಜಿದೆ. ಮಲಯಾದ ರಬ್ಬರ್ ತೋಟಗಳಿಂದ ಹೋದ ತಮಿಳರು ಇವರಲ್ಲಿ ದೊಡ್ಡ ಗುಂಪು. ಕೆಲವರನ್ನು ಕೂಲಿಯ ಆಸೆ ತೋರಿಸಿ, ಕೆಲವರನ್ನು ಹಿಡಿದುಕೊಂಡು ಹೋದರು. ಕೈದಿಗಳಿಗೆ ಸೇನೆಯ ಶಿಸ್ತಿತ್ತು, ತಮ್ಮವರೇ ವೈದ್ಯರಿದ್ದರು, ನೀರು ಕುದಿಸಿ ಕುಡಿಯಿರಿ ಎನ್ನಲು ಅಧಿಕಾರಿಗಳಿದ್ದರು. ಹೆಂಡತಿ ಮಕ್ಕಳ ಸಮೇತ ಹೋದ ಕೂಲಿಗೆ ಡೊರಿಗೋ ಇರಲಿಲ್ಲ. ಅವನ ಪರವಾಗಿ ಚೌಕಾಸಿ ಮಾಡುವವರೂ ಇರಲಿಲ್ಲ. ಕಾಲರಾ ಬಂದಾಗ ಅವರ ಶಿಬಿರಗಳು ಹಾಗೇ ಖಾಲಿಯಾದವು.

ಲೀನ್ ತಮ್ಮ ಚಿತ್ರವನ್ನು ತೆಗೆದದ್ದು ಸಿಲೋನ್‌ನಲ್ಲಿ. ಆದರೂ ಸೇತುವೆ ಕಟ್ಟುವ ಕಥೆಯಲ್ಲಿ ಈ ಕೂಲಿಗಳಿಗೆ ಜಾಗವಿಲ್ಲ. ಕೊರಿಯನ್ ಕಾವಲುಗಾರನ ಮನಸ್ಸಿನೊಳಕ್ಕೂ ಇಳಿಯುವ ಫ್ಲಾನಗನ್ ಅವರಲ್ಲೂ ತಮಿಳರು ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಮಗ ತಂದೆಯ ಕಥೆ ಬರೆದಿದ್ದಾನೆ, ಅದು ಅವನ ಹಕ್ಕು. ಉಳಿದವರ ಕಥೆಯನ್ನು ಅವರ ಮಕ್ಕಳ ಭಾಷೆಯಲ್ಲೇ ಹುಡುಕಬೇಕು. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು 7,000 ಕೈದಿಗಳ ಸಮಾಧಿಗಳು ಸಾಲಾಗಿವೆ. ಕೂಲಿಗಳಲ್ಲಿ ಬಹುತೇಕರಿಗೆ ಹೆಸರಿನ ಕಲ್ಲೂ ಇಲ್ಲ.

ಮಲೇಷ್ಯಾದ ತಮಿಳರು ಇದನ್ನು ‘ಸಯಾಂ ಮರಣ ರೈಲು’ ಎನ್ನುತ್ತಾರೆ. ಅಲ್ಲಿನ ತಮಿಳಿನಲ್ಲಿ ಇದರ ಬಗ್ಗೆ ಕಾದಂಬರಿಗಳೇ ಬಂದಿವೆ. ಚೆನ್ನೈನಲ್ಲಿ ಹದಿನಾಲ್ಕು ವರ್ಷದಿಂದಿದ್ದೇನೆ, ತಮಿಳು ಮಾತಾಡುತ್ತೇನೆ, ಬಸ್ಸಿನ ಬೋರ್ಡು ಬಿಟ್ಟರೆ ಓದಲು ಬರುವುದಿಲ್ಲ. ಇಂಗ್ಲಿಷ್ ಕಾದಂಬರಿಯಲ್ಲಿ ತಮಿಳರಿಲ್ಲ ಎಂದು ದೂರುವ ನಾನು, ಪಕ್ಕದ ಕಪಾಟನ್ನೇ ತೆರೆದಿರಲಿಲ್ಲ. ಈಗ ಮಗಳ ತಮಿಳು ಪಠ್ಯಪುಸ್ತಕ ಹಿಡಿದು ಅಕ್ಷರ ಕಲಿಯುತ್ತಿದ್ದೇನೆ.